ಗಾಲಿಯ ಒಳಮೈ

“ಅಜ್ಜಾ, ಮಾತು ಚುಚ್ಚದ ಹಾಗೆ ಮನಸ್ಸಿಗೆ ಎಂಥ ಕವಚ ತೊಡಿಸಬೇಕು?” ಎಂದು ಚೆನ್ನಮಲ್ಲ ಕೇಳಿದ.

ಚೆನ್ನಮಲ್ಲ ಮಠದ ಕಿರಿಯ ಶಿಷ್ಯ. ಅಜ್ಜ ಎಂದರೆ ಮಠದ ಹಿರಿಯ ಗುರುಗಳು. ಊರಿನ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುವುದೇ ಹಾಗೆ. ಒಂದು ಕೆರೆಯ ನೀರಿಗಾಗಿ ಎರಡು ಓಣಿಗಳು ಕಚ್ಚಾಡುತ್ತಿದ್ದ ಹಳ್ಳಿಗೆ ಅಜ್ಜ ಅವನನ್ನು ಸಂಧಾನಕ್ಕೆ ಕಳಿಸಿದ್ದರು. ಜಗಳ ಬಿಡಿಸಲು ಹೋದವನಿಗೆ ಎರಡು ಕಡೆಯಿಂದಲೂ ಬೈಗುಳ. ಉಂಡಾಡಿ ಎಂದರು, ಬಿಟ್ಟಿ ರೊಟ್ಟಿ ತಿಂದು ಬೆಳೆದವ ಎಂದರು. ಅವನು ಅರ್ಧಕ್ಕೇ ಬಿಟ್ಟು ಬಂದಿದ್ದ. ಮಾತುಕತೆ ಮುರಿದರೆ ಮುಂದೆ ಬಡಿಗೆಗಳು ಏಳುತ್ತವೆ, ತಲೆಗಳು ಒಡೆಯುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಆದರೂ ತಿರುಗಿ ಹೋಗಲು ಕಾಲು ಏಳುತ್ತಿರಲಿಲ್ಲ.

“ತಮ್ಮನ್ನು ನೋಡಿದರೆ ನನಗೆ ಬೆರಗಾಗುತ್ತದೆ,” ಎಂದು ಅವನೇ ಮುಂದುವರಿಸಿದ. “ಇಂದು ಮಧ್ಯಾಹ್ನ ಆ ಸಾಹುಕಾರ ಊಟದ ಪಂಕ್ತಿಯಲ್ಲೇ ತಮ್ಮನ್ನು ಕಾವಿ ಉಟ್ಟ ಕಳ್ಳ ಎಂದ. ತಾವು ಅವನಿಗೆ ಇನ್ನೊಂದು ರೊಟ್ಟಿ ಬಡಿಸಲು ಹೇಳಿದಿರಿ. ತಮಗೆ ಒಂದು ಮುಳ್ಳೂ ತಾಗುವುದಿಲ್ಲ. ಆ ಕವಚವನ್ನು ನನಗೂ ಕೊಡಿ. ತೊಟ್ಟುಕೊಂಡು ನಾಳೆಯೇ ಹೋಗುತ್ತೇನೆ.”

“ಕವಚದ ವ್ಯಾಪಾರ ನನ್ನದಲ್ಲ,” ಎಂದು ಅಜ್ಜ ನಕ್ಕರು. “ಅದನ್ನು ಕೊಳ್ಳಲು ಹೋದ ಒಬ್ಬನ ಕತೆ ಹೇಳುತ್ತೇನೆ, ಕೇಳು.”

ಒಬ್ಬ ಸವಾರನಿದ್ದ. ಪಶು ಆಸ್ಪತ್ರೆಯಿಂದ ಕುರಿಗಾಹಿಗಳ ಹಟ್ಟಿಗಳಿಗೆ ಲಸಿಕೆ ಮುಟ್ಟಿಸುವುದು ಅವನ ಕೆಲಸ. ಲಸಿಕೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರಬೇಕು. ಗಡ್ಡೆ ಕರಗಿತೋ, ಲಸಿಕೆಗೂ ನೀರಿಗೂ ವ್ಯತ್ಯಾಸವಿಲ್ಲ. ದಾರಿ ಅರ್ಧ ಡಾಂಬರು, ಇನ್ನರ್ಧ ಜಾಲಿಯ ಕುರುಚಲು ಕಾಡು. ಜಾಲಿಮುಳ್ಳು ಚಪ್ಪಲಿಗೂ ಬಗ್ಗುವುದಿಲ್ಲ, ಟೈರಿಗೂ ಬಗ್ಗುವುದಿಲ್ಲ. ಹೋದಾಗಲೆಲ್ಲ ಅವನ ಮೋಟಾರ್ ಸೈಕಲ್ ಪಂಕ್ಚರ್. ಒಂದು ಸಲ ಅವನು ಗಾಡಿ ತಳ್ಳಿಕೊಂಡು ಹಟ್ಟಿ ಮುಟ್ಟುವಷ್ಟರಲ್ಲಿ ಲಸಿಕೆ ಕೆಟ್ಟಿತ್ತು. ಮುಂದಿನ ವಾರ ಆ ಹಟ್ಟಿಯಲ್ಲಿ ಕುರಿಗಳ ಕೂಗು ನಿಂತುಹೋಯಿತು. ಕುರಿಗಾಹಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸವಾರನಿಗೆ ಅನ್ನಿಸಿತು.

ಅವನು ಟೈರಿನ ವ್ಯಾಪಾರಿಯ ಬಳಿ ಹೋಗಿ, ಮುಳ್ಳು ತಾಗದ ಗಾಲಿ ಬೇಕೆಂದ.

ವ್ಯಾಪಾರಿ ಮೊದಲು ದಪ್ಪ ರಬ್ಬರಿನ ಟ್ಯೂಬ್ ಕೊಟ್ಟ. ಚಿಕ್ಕ ಮುಳ್ಳುಗಳು ಅದರ ಮುಂದೆ ಸೋತವು. ಆದರೆ ಜಾಲಿಯ ಕಾಡಿನಲ್ಲಿ ದೊಡ್ಡ ಮುಳ್ಳಿಗೇನು ಬರವೇ? ಚರ್ಮ ಎಷ್ಟೇ ದಪ್ಪವಾಗಲಿ, ಅದನ್ನು ದಾಟುವ ಮುಳ್ಳು ಎಲ್ಲೋ ಕಾದಿರುತ್ತದೆ. ಸವಾರ ಮತ್ತೆ ಬಂದ. ಈ ಸಲ ವ್ಯಾಪಾರಿ ಗಾಳಿಯೇ ಬೇಡದ, ಗಟ್ಟಿ ಫೋಮಿನ ಬಳೆಯೊಂದನ್ನು ಕೊಟ್ಟ. ಟೈರಿನೊಳಗೆ ಅದನ್ನು ತುಂಬಿಬಿಟ್ಟರೆ ಪಂಕ್ಚರ್ ಎಂಬ ಮಾತೇ ಇಲ್ಲ. ಗಾಳಿಯೇ ಇಲ್ಲದ ಮೇಲೆ ಹೋಗುವುದೇನು? ಸವಾರ ಹಿಗ್ಗಿದ. ಕಾಡಿನಲ್ಲಿ ಅದು ಹುಲಿಯೇ ಸರಿ. ಆದರೆ ಕಾಡಿಗೆ ಮುಂಚೆ ಸುಡುಬಿಸಿಲಿನ ಉದ್ದ ಡಾಂಬರು ದಾರಿ ಇತ್ತಲ್ಲ. ಓಟದ ಕಾವು ಹೊರಗೆ ಹೋಗಲಾರದೆ ಒಳಗೇ ಕೂಡಿಕೊಂಡು, ಫೋಮು ಕೆಲವೇ ದಿನಗಳಲ್ಲಿ ಹಿಟ್ಟು ಹಿಟ್ಟಾಯಿತು. ಯಾವ ಮುಳ್ಳಿಗೂ ಸೋಲದ್ದು ತನ್ನ ಕಾವಿಗೇ ಸೋತಿತು.

ಮೂರನೆಯ ಸಲ ವ್ಯಾಪಾರಿ ಒಂದು ಸೀಸೆ ತೆಗೆದಿಟ್ಟ. ಒಳಗೆ ಗಂಜಿಯಂಥ ಬಿಳಿಯ ದ್ರವ.

“ಇದು ಮುಳ್ಳು ತಡೀತದೇನು?” ಎಂದು ಸವಾರ ಕೇಳಿದ.

“ಇಲ್ಲ. ಮುಳ್ಳು ಚುಚ್ಚೇ ಚುಚ್ಚತದ.”

“ತಡೀಲಾರದ್ದು ಎಂಥಾ ರಕ್ಷಣೆ? ಗಾಲಿಗೆ ಗಂಜಿ ಕುಡಿಸಿ ಕಳಸ್ತೀಯೇನು?”

“ಚುಚ್ಚಿದಲ್ಲಿಗೆ ಇದು ತಾನಾಗೇ ಓಡಿ ಹೋಗ್ತದ, ಹೆಪ್ಪುಗಟ್ಟಿ ತೂತು ಮುಚ್ಚತದ,” ಎಂದ ವ್ಯಾಪಾರಿ. “ಕಲ್ಲು ಬಡಿದು ಟೈರು ಸೀಳಿದ್ರ ಇದರ ಕೈಲೆ ಆಗೂದಿಲ್ಲ, ಖರೇ ಹೇಳ್ತೀನಿ. ಮುಳ್ಳಿಗೆ ಸಾಕು. ಆದ್ರ ಒಂದು ಮಾತು ನೆನಪಿಟ್ಕೊ. ಚುಚ್ಚಿತು ಅಂತ ನಿಂತೀ, ಕೆಟ್ಟಿ. ನಿಂತ ಗಾಲಿಯೊಳಗ ಇದು ತಳಕ್ಕ ಇಳೀತದ, ಮ್ಯಾಲಿನ ತೂತು ಸೋರ್ಕೋತನ ಇರ್ತದ. ಗಾಲಿ ಉರುಳಬೇಕು.”

ಸವಾರ ಅರ್ಧ ನಂಬಿದ, ಅರ್ಧ ಬಿಟ್ಟ. ಬೇರೆ ದಾರಿಯಿಲ್ಲದೆ, ಟ್ಯೂಬ್ ತೆಗೆಸಿ ಟೈರಿನೊಳಗೇ ಅದನ್ನು ತುಂಬಿಸಿಕೊಂಡ.

ಅಷ್ಟರಲ್ಲಿ ಕಾಡಿನಾಚೆಯ ಒಂದು ಮಂದೆಗೆ ಬೇನೆ ಹತ್ತಿತು. ಅದರ ಪಕ್ಕದ ಹಟ್ಟಿಯಲ್ಲಿ ಒಬ್ಬ ಮುದುಕಿ ಇದ್ದಳು. ಕುರಿಗಳನ್ನು ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ. ಬೇನೆ ಬೇಲಿ ದಾಟುವ ಮುನ್ನ ಲಸಿಕೆ ಬೀಳಬೇಕಿತ್ತು. ಸವಾರ ಪೆಟ್ಟಿಗೆಯನ್ನು ಹಿಂದೆ ಬಿಗಿದು ಹೊರಟ.

ನಡುಗಾಡಿನಲ್ಲಿ ಹಿಂದಿನ ಗಾಲಿ ಸುಸ್ಸೆಂದಿತು. ಸವಾರ ಇಳಿದು ನೋಡಿದರೆ ಬೆರಳುದ್ದದ ಮುಳ್ಳು. ಕಾಲಿಗೆ ಮುಳ್ಳು ಹೊಕ್ಕರೆ ನಮ್ಮವರು ಏನು ಮಾಡುತ್ತಾರೆ? ನಿಂತಲ್ಲೇ ಕೂತು ಕೀಳುತ್ತಾರೆ. ಅವನೂ ಕೂತ, ಕಿತ್ತ. ಸದ್ದು ಇಮ್ಮಡಿಯಾಯಿತು. ಬಿಳಿಯ ದ್ರವ ಒಂದಿಷ್ಟು ಅವನ ಮುಖಕ್ಕೇ ಸಿಡಿದು, ಆಮೇಲೆ ಬರೀ ಗಾಳಿ ಬಂತು. ಸವಾರ ಬೆರಳಿಟ್ಟು ಒತ್ತಿಹಿಡಿದ. ಬೆರಳು ತೆಗೆದರೆ ಮತ್ತೆ ಅದೇ ಸದ್ದು. ಗಂಜಿಯನ್ನು ನಂಬಿ ಕೆಟ್ಟೆ ಎಂದು ತಲೆ ಚಚ್ಚಿಕೊಂಡ. ಹಿಂದಿನ ಹಟ್ಟಿಯ ಮೌನ ಅವನ ಕಿವಿಗೆ ಬಂತು. ಅಷ್ಟರಲ್ಲಿ ಪೆಟ್ಟಿಗೆಯಿಂದ ಒಂದು ತಣ್ಣನೆಯ ಹನಿ ಅವನ ತೋಳಿನ ಮೇಲೆ ಬಿತ್ತು. ಗಡ್ಡೆ ಕರಗತೊಡಗಿತ್ತು.

ಆಗ ಅವನು ಗಾಲಿಯನ್ನು ಸರಿಯಾಗಿ ನೋಡಿದ. ತೂತು ಮೇಲೆ ಇತ್ತು, ಗಾಲಿ ನಿಂತಿತ್ತು.

ಸೋರುವ ಗಾಲಿಯ ಮೇಲೆ ಹತ್ತಿ ಕೂರುವುದಕ್ಕೆ ಎದೆ ಬೇಕು. ಅವನಿಗೆ ಆ ಎದೆ ಇರಲಿಲ್ಲ. ಮುದುಕಿಯ ನೆನಪು ಇತ್ತು, ಅದೇ ಸಾಕಾಯಿತು. ಜೀವ ಕೈಯಲ್ಲಿ ಹಿಡಿದು ಗಾಡಿ ಹೊರಡಿಸಿದ. ಮೊದಲ ಉರುಳಿಗೆ ಗಾಲಿ ಸುಸ್ಸೆಂದಿತು, ಮುಂದಿನದಕ್ಕೂ ಸುಸ್ಸೆಂದಿತು. ಆಮೇಲೆ ಸದ್ದು ಗಿಡ್ಡವಾಯಿತು, ಆಮೇಲೆ ಪಿಸುಗುಟ್ಟಿತು. ಹಳ್ಳದ ಏರು ಹತ್ತುವಾಗ ಅವನು ಕಿವಿಗೊಟ್ಟು ಕೇಳಿದ. ಸದ್ದೇ ಇರಲಿಲ್ಲ. ಯಾರ ಕೈಯೂ ಮುಟ್ಟದೆ, ಓಡುತ್ತಿದ್ದಂತೆಯೇ ಗಾಯ ಮಾಯ್ದಿತ್ತು.

ಹಟ್ಟಿ ಮುಟ್ಟಿದಾಗ ಪೆಟ್ಟಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಉಳಿದಿತ್ತು. ಮುದುಕಿಯ ಮಂದೆ ಉಳಿಯಿತು.

“ದಾರ್ಯಾಗ ಮುಳ್ಳು ಬಾಳ ಅದಾವಲ್ಲೋ ಯಪ್ಪಾ, ಹೆಂಗ ಬಂದಿ?” ಎಂದು ಅವಳು ಕೇಳಿದಳು.

“ಒಂದ ಒಂದು ಚುಚ್ಚಿತ್ತಬೇ,” ಎಂದು ಸವಾರ ಎದೆಯುಬ್ಬಿಸಿ ಹೇಳಿದ.

ಮುಂದೆ ಅವನು ಅದೇ ಟೈರಿನಲ್ಲಿ ಎಲ್ಲ ಹಟ್ಟಿಗಳನ್ನೂ ಸುತ್ತಿದ. ಆಮೇಲೆ ಒಂದು ಮುಳ್ಳೂ ಅವನಿಗೆ ತೊಂದರೆ ಕೊಡಲಿಲ್ಲ. ಜಾಲಿಗೂ ನನಗೂ ಈಗ ರಾಜಿಯಾಗಿದೆ ಎಂದು ಗೆಳೆಯರೆದುರು ಜಂಬ ಕೊಚ್ಚಿದ. ಟೈರು ಸವೆದು ನುಣ್ಣಗಾದಾಗ ಹೊಸದು ಹಾಕಿಸಲು ವ್ಯಾಪಾರಿಯ ಬಳಿ ಬಂದ. ವ್ಯಾಪಾರಿ ಹಳೆಯ ಟೈರನ್ನು ಬಿಚ್ಚಿ ಅದರ ಬಾಯಿ ಅಗಲಿಸಿದ. ಅದನ್ನು ಅವನ ಮುಂದೆ ಹಿಡಿದ.

ಸವಾರ ಒಳಗೆ ಕೈಹಾಕಿದವನು ಬೆಚ್ಚಿ ಹಿಂತೆಗೆದ. ಟೈರಿನ ಒಳಮೈ ಸುತ್ತಲೂ ಮುಳ್ಳಿನ ಮೊನೆಗಳು. ಗೋಣಿದಬ್ಬಣದಂಥವು, ಸೂಜಿಯಂಥವು, ಹೊರಗೆ ಮುರಿದು ಒಳಗೇ ಉಳಿದವು. ಒಂದೊಂದರ ಬುಡದಲ್ಲೂ ಒಂದು ಒಣಗಿದ ಬಿಳಿಯ ಹನಿ. ಅವನು ಎಣಿಸಲು ಹೋಗಿ ಕೈಬಿಟ್ಟ. ಅವನಿಗೆ ಗೊತ್ತಿದ್ದದ್ದು ಒಂದೇ ಮುಳ್ಳು. ಉಳಿದವನ್ನೆಲ್ಲ ಆ ಗಾಲಿ ಅವನಿಗೆ ತಿಳಿಯಗೊಡದೆ ತಾನೇ ನುಂಗಿತ್ತು, ಅವನನ್ನು ಹೊತ್ತು ನಡೆದಿತ್ತು.

“ಇಷ್ಟೆಲ್ಲ ಯಾವಾಗ ಚುಚ್ಚಿದವು?” ಎಂದು ಅವನು ಮೆಲ್ಲಗೆ ಕೇಳಿದ.

“ನೀ ಓಡಿಸ್ತಿದ್ದಾಗ,” ಎಂದ ವ್ಯಾಪಾರಿ.

ಪ್ರತಿ ವರ್ಷ ಆಯುಧಪೂಜೆಯಲ್ಲಿ ಸವಾರ ಆ ಗಾಲಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಎಲ್ಲರೂ ಮುಗಿಯುತ್ತಾರೆಂದು ತಾನೂ ಕೈ ಮುಗಿಯುತ್ತಿದ್ದ. ಅಂದು ಅಂಗಡಿಯ ಕಟ್ಟೆಯ ಮೇಲೆ, ಹೂವಿಲ್ಲ ಕುಂಕುಮವಿಲ್ಲ, ಸವೆದ ಟೈರಿಗೆ ನಿಜವಾಗಿ ಕೈ ಮುಗಿದ.

ಅಜ್ಜ ಕತೆ ನಿಲ್ಲಿಸಿದರು. ಚೆನ್ನಮಲ್ಲ ಹೇಳಿದ:

“ತಿಳಿಯಿತು ಅಜ್ಜಾ. ನಾನು ಮುಳ್ಳು ಕಿತ್ತುಕೊಂಡು ದಾರಿಯಲ್ಲೇ ಕೂತುಬಿಟ್ಟೆ. ನಾಳೆ ಬೆಳಿಗ್ಗೆ ಆ ಹಳ್ಳಿಗೆ ಹೋಗುತ್ತೇನೆ. ಆದರೆ ಒಂದು ಮಾತು ಉಳಿಯಿತು. ಆ ಗಾಲಿಗಾದರೋ ಅಷ್ಟೊಂದು ಚುಚ್ಚಿದ್ದವು. ತಮಗೆ ಒಂದೂ ಚುಚ್ಚುವುದಿಲ್ಲವಲ್ಲ, ಅದು ಹೇಗೆ?”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಮಗು, ನೀನು ನನ್ನನ್ನು ಹೊರಗಿನಿಂದಷ್ಟೇ ನೋಡಿದ್ದೀಯ.”