ಮನೆಯಲ್ಲೇ ಉಳಿದ ಮನಸ್ಸು

ಮಾಗಿಯ ಚಳಿ. ಜೀಪಿನ ಡ್ರೈವರ್ ಬೋರಲಿಂಗಯ್ಯ ಇಂಜಿನಿಯರ್ ಸಾಹೇಬರ ಮುಂದೆ ನಿಂತು, "ಮನಸ್ಸು ಸರಿಯಿಲ್ಲ ಸಾರ್, ಇವತ್ತೊಂದು ದಿನ ರಜೆ ಕೊಡಿ" ಎಂದ.

"ಜ್ವರ ಇದೆಯೇನಯ್ಯಾ?"

"ಇಲ್ಲ ಸಾರ್."

"ಮತ್ತೆ? ಗಾಡಿ ಓಡಿಸೋದು ಕೈಕಾಲು. ಮನಸ್ಸನ್ನ ಮನೇಲಿ ಬಿಟ್ಟು ಬಾ" ಎಂದು ಗದರಿ ಸಾಹೇಬರು ಜೀಪು ಹತ್ತಿದರು.

ಘಾಟಿಯಲ್ಲಿ ದಟ್ಟ ಮಂಜು. ಮೊದಲ ತಿರುವಿಗೆ ಮುಂಚೆಯೇ ಬೋರಲಿಂಗಯ್ಯ ಜೀಪು ನಿಲ್ಲಿಸಿ ವಿನಯದಿಂದ ಕೇಳಿದ: "ಸಾರ್, ಪ್ರಪಾತ ಇರೋದು ಎಡಕ್ಕೋ, ಬಲಕ್ಕೋ?"

ಆ ಚಳಿಯಲ್ಲೂ ಸಾಹೇಬರು ಬೆವೆತರು. "ದಿನಾ ಓಡಾಡೋ ದಾರಿ, ನಿನಗೆ ಗೊತ್ತಿಲ್ವಾ?"

"ಗೊತ್ತಿರೋದು ಮನಸ್ಸಿಗೆ ಸಾರ್. ಅದು ಮನೇಲಿ ಕಂಬಳಿ ಹೊದ್ದು ಮಲಗಿದೆ. ನೀವು ಹೇಳಿದ ಹಾಗೆ ಕೈಕಾಲು ಮಾತ್ರ ತಂದಿದ್ದೀನಿ."

ಜೀಪು ಹಿಂದಕ್ಕೆ ತಿರುಗಿತು. ರಜೆಯೂ ಸಿಕ್ಕಿತು. ಇಳಿಯುವಾಗ ಸಾಹೇಬರು ಮೆತ್ತಗೆ ಕೇಳಿದರು: "ನಾಳೆ ಮನಸ್ಸನ್ನೂ ಕರ್ಕೊಂಡು ಬರ್ತೀಯೇನಯ್ಯಾ?"

"ಕೇಳಿ ನೋಡ್ತೀನಿ ಸಾರ್."