ಬಂಪರಿಗೆ ಕಟ್ಟಿದ ಗಂಟು

“ನನ್ನ ಓಲೆ ಮಗಳ ಕಿವಿಗೇ ಹೋಗಬೇಕು. ನಡುವೆ ಯಾರ ಕೈಗೂ ಕೊಡಬೇಡಿ.” ಪುಟ್ಟಮಾದಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಅದು.

ಅವಳು ತೀರಿ ತಿಂಗಳು ಕಳೆದ ಮೇಲೆ ಗಂಡ ಬೋರಯ್ಯ ಓಲೆ ಜೊತೆಗಿಟ್ಟುಕೊಂಡು ಮತ್ತೆ ಡ್ರೈವರ್ ಕೆಲಸಕ್ಕೆ ಗಾಡಿ ಹತ್ತಿದ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಪ್ರವಾಸದ ಕ್ಯಾರವಾನು. ಮಗಳಿದ್ದ ಹುಣಸೂರು ದಾರಿಯಲ್ಲೇ ಸಿಗುತ್ತಿತ್ತು.

ಹೊರಡುವಾಗ, ಗಾಡಿಯ ಜೊತೆಗೇ ಬರುವ ಮ್ಯಾನೇಜರ್ ಶೇಷಗಿರಿ ಕೈ ಚಾಚಿದ. “ಬೆಲೆಬಾಳೋದೆಲ್ಲ ನನ್ನ ಲಾಕರಿಗೆ. ಡ್ರೈವರಾದ್ರೂ ಅಷ್ಟೇ.”

ಹೋದ ಸಲ ಅದೇ ಲಾಕರಿನಿಂದ ಪ್ರವಾಸಿಯೊಬ್ಬರ ಉಂಗುರ ಮಾಯವಾಗಿತ್ತು. ಇಲಿ ಎಳೆದುಕೊಂಡು ಹೋಗಿರಬೇಕು ಎಂದಿದ್ದ ಶೇಷಗಿರಿ. ಕಬ್ಬಿಣದ ಬೀಗ ತೆಗೆಯುವ ಇಲಿಯನ್ನು ಬೋರಯ್ಯ ಎಲ್ಲೂ ಕಂಡಿರಲಿಲ್ಲ.

“ಬಂದೆ ಸ್ವಾಮಿ” ಎಂದು ಒಳಗೆ ಹೋದ. ಕಪ್ಪು ಬಟ್ಟೆಯ ಗಂಟೊಂದನ್ನು ತಂದ. ಗಾಡಿಗೆ ಮೂರು ಸುತ್ತು ನಿವಾಳಿಸಿದ. ಥೂ ಥೂ ಎಂದು ಉಗಿದು ಶೇಷಗಿರಿಯ ಮುಂದೆ ಹಿಡಿದ.

“ಏನಯ್ಯಾ ಇದು?”

“ನಿಂಬೆಹಣ್ಣು, ಮೆಣಸಿನಕಾಯಿ, ನನ್ ಹೆಂಡ್ತಿ ಓಲೆ. ಗಾಡಿಗೆ ಬಿದ್ದ ದೃಷ್ಟೀನೂ ಇದರೊಳಗೈತೆ. ತಗೊಳ್ಳಿ, ಲಾಕರಿಗೆ ಹಾಕಿ.”

ಶೇಷಗಿರಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ದೃಷ್ಟಿ ತೆಗೆದದ್ದನ್ನ ಮುಟ್ಟಿಸ್ತೀಯಾ? ನಾನು ಮಕ್ಕಳೊಂದಿಗ ಕಣಯ್ಯಾ! ಬಂಪರಿಗೆ ಕಟ್ಟು ಅತ್ಲಾಗೆ!”

“ನೀವೇ ಹೇಳಿದ್ದು ಸ್ವಾಮಿ, ಆಮೇಲೆ ನನ್ನ ಬಯ್ಯಬೇಡಿ” ಎನ್ನುತ್ತ ಬೋರಯ್ಯ ಗಂಟನ್ನು ಬಂಪರಿಗೆ ಬಿಗಿದ.

ಗಾಡಿ ನಿಂತಲ್ಲೆಲ್ಲ ಶೇಷಗಿರಿ ಇಳಿದು ಗಂಟು ನೋಡುತ್ತಿದ್ದ. ಬೋರಯ್ಯ ಶೇಷಗಿರಿಯನ್ನು ನೋಡುತ್ತಿದ್ದ. ಒಮ್ಮೆ ಶೇಷಗಿರಿಯ ಬೆರಳು ಗಂಟಿನವರೆಗೂ ಹೋಯಿತು, ಬಿಸಿ ತಗುಲಿದಂತೆ ಹಿಂದೆ ಬಂತು.

ಮರುದಿನ ಬೆಳಿಗ್ಗೆ ಹುಣಸೂರಿನಲ್ಲಿ ಬೋರಯ್ಯ ಗಂಟು ಬಿಚ್ಚಿದ. ಓಲೆಯನ್ನು ಅರಿಶಿನದ ನೀರಲ್ಲಿ ತೊಳೆದು ಮಗಳ ಕಿವಿಗೆ ತಾನೇ ತಿರುಪಿದ. ನಿಂಬೆಹಣ್ಣು, ಮೆಣಸಿನಕಾಯಿಯನ್ನು ಅದೇ ಕಪ್ಪು ಬಟ್ಟೆಯಲ್ಲಿ ಗಂಟು ಹಾಕಿ ಮತ್ತೆ ಬಂಪರಿಗೆ ಕಟ್ಟಿದ, ಶೇಷಗಿರಿ ಕಾಯ್ದುಕೊಂಡಿರಲಿ ಎಂದು.