ಖಾಲಿ ಮಾಡಿದ ಕೋಣೆಯ ಬೆಲ್ಲ

"ಗುರುಗಳೇ, ಪ್ರೋಗ್ರಾಮ್ ಬಿದ್ದ ಜಾಗದಲ್ಲಿ ತಪ್ಪೇ ಕಾಣದಿದ್ದರೆ ಯಾರನ್ನು ದೂರಬೇಕು?" ಎಂದು ಮಲ್ಲಿನಾಥ ಕೇಳಿದ.

ಬಸ್ಸುಗಳ ವೇಳೆ ತಿಳಿಸುವ ಲಿನಕ್ಸ್ ಸರ್ವರ್ ಅವನ ಉಸ್ತುವಾರಿಯಲ್ಲಿತ್ತು. ಮೂರು ದಿನದಿಂದ ಅದರ ಪ್ರೋಗ್ರಾಮ್ ಮೆಮೊರಿ ದೋಷವೆಂದು ಹೇಳಿ ಕುಸಿಯುತ್ತಿತ್ತು. ಹೆಚ್ಚಾಗಿ ಬೀಳುತ್ತಿದ್ದುದು ಸಹೋದ್ಯೋಗಿ ಇಂದುಮತಿ ಬರೆದ ಭಾಗದಲ್ಲಿ. ಅವಳು ವರ್ಷವಿಡೀ ಕೂತು ಬರೆದದ್ದನ್ನು ಸಂಜೆಯೊಳಗೆ ಕಿತ್ತುಹಾಕುವುದೆಂದು ತೀರ್ಮಾನಿಸಿದ್ದ, ಆದರೆ ಮನಸ್ಸು ಒಪ್ಪುತ್ತಿರಲಿಲ್ಲ. ಬೀಳುವಾಗಲೆಲ್ಲ ಪ್ರೋಗ್ರಾಮ್ ತನ್ನ ಮೆಮೊರಿಯನ್ನು ಇದ್ದ ಹಾಗೇ ಒಂದು ಕೋರ್ ಫೈಲಿನಲ್ಲಿ, ತಪ್ಪಿನ ಜಾಡು ಹಿಡಿಯಲೆಂದೇ, ಬಿಟ್ಟುಹೋಗುತ್ತಿತ್ತು. ಅದನ್ನು ಆಗಿಂದಾಗಲೇ ಅಳಿಸಿ ಸರ್ವರನ್ನು ಚೊಕ್ಕಟವಾಗಿ ಇಟ್ಟಿದ್ದೇನೆ ಎಂದೂ ಹೇಳಿಕೊಂಡ.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಛತ್ರದಲ್ಲಿ ಒಬ್ಬ ವ್ಯಾಪಾರಿ ಇಳಿದುಕೊಂಡಿದ್ದ. ತಿಂಗಳ ಮೇಲೆ ಕೋಣೆ ಬಿಟ್ಟುಕೊಟ್ಟು ಪಕ್ಕದ ಬೀದಿಯಲ್ಲಿ ಮನೆ ಹಿಡಿದ. ಆದರೆ ಒಂದು ಕೀಲಿಕೈ ಅವನ ಜೇಬಿನಲ್ಲೇ ಉಳಿಯಿತು. ರೂಢಿ ಬಿಡಬೇಕಲ್ಲ, ದಿನಾ ಮಧ್ಯಾಹ್ನ, ಇಳಿದವರು ಊಟಕ್ಕೆ ಹೋದ ಹೊತ್ತಿಗೆ, ಕೋಣೆಗೆ ಬಂದು ಅಟ್ಟದ ಮೇಲೆ ಬೆಲ್ಲದ ಅಚ್ಚು ಇಟ್ಟುಹೋಗುತ್ತಿದ್ದ.

ಆ ಕೋಣೆಗೆ ಬಂದವರ ಹಾಸಿಗೆಗೆಲ್ಲ ಇರುವೆ ಮುತ್ತಿತು. ಛತ್ರ ನೋಡಿಕೊಳ್ಳುವ ಪಾರುಪತ್ಯಗಾರ ಓಡಿಬಂದು ನೆಲ ಗುಡಿಸುವನು, ನೀರು ಹಾಕಿ ತೊಳೆಯುವನು, ತಿಂಡಿ ಚೆಲ್ಲಿದಿರೆಂದು ಬೈದು ಅವರನ್ನು ಹೊರಗೆ ಕಳಿಸುವನು. ಹೀಗೆ ಹನ್ನೊಂದು ಮಂದಿ ತಮ್ಮದಲ್ಲದ ತಪ್ಪಿಗೆ ಬೈಸಿಕೊಂಡು ಗಂಟುಮೂಟೆ ಕಟ್ಟಿದರು. ಪಾರುಪತ್ಯಗಾರನಿಗೆ ತನ್ನ ಶುಚಿತ್ವದ ಬಗ್ಗೆ ಬಹಳ ಹೆಮ್ಮೆ.

ಹನ್ನೆರಡನೆಯವಳು ಒಬ್ಬ ಮುದುಕಿ. ಅವನು ಪೊರಕೆ ಎತ್ತಿದ್ದೇ ತಡ, ಕೈ ಹಿಡಿದಳು.

"ಗುಡಿಸಬೇಡಪ್ಪ. ಇರುವೆ ಎಲ್ಲಿಂದ ಬರ್ತಾ ಇದೆ ಅಂತ ಮೊದಲು ನೋಡೋಣ."

ಇಬ್ಬರೂ ಮಂಡಿಯೂರಿ ಇರುವೆಸಾಲಿನ ಬೆನ್ನು ಹತ್ತಿದರು. ಸಾಲು ಹಾಸಿಗೆ ದಾಟಿತು, ಗೋಡೆ ಹತ್ತಿತು, ಅಟ್ಟದ ಮೇಲಿನ ಬೆಲ್ಲ ಮುಟ್ಟಿತು. ಅಷ್ಟರಲ್ಲಿ ವ್ಯಾಪಾರಿ ಕೀಲಿಕೈ ಆಡಿಸುತ್ತಾ ಆರಾಮಾಗಿ ಒಳಗೆ ಬಂದ, ಇನ್ನೊಂದು ಕೈಯಲ್ಲಿ ಮತ್ತೊಂದು ಅಚ್ಚು. ನನ್ನ ಕೋಣೆಯಲ್ಲಿ ನೀವೇನು ಮಾಡುತ್ತಿದ್ದೀರಿ ಎಂದು ಅವರನ್ನೇ ಕೇಳಿದ. ಮುದುಕಿಗೆ ನಗು ತಡೆಯಲಾಗಲಿಲ್ಲ. ಕೀಲಿಕೈ ಕಸಿದುಕೊಂಡದ್ದಾಯಿತು. ಹೊರಹಾಕಿದ ಹನ್ನೊಂದು ಮಂದಿಯನ್ನೂ ಹುಡುಕಿ ಕರೆಸಿ, ಅದೇ ಬೆಲ್ಲದಲ್ಲಿ ಪಾನಕ ಮಾಡಿ ಕುಡಿಸಿದರು. ಬಡಿಸಿದವನು ವ್ಯಾಪಾರಿಯೇ.

ಮಲ್ಲಿನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ಇಂದುಮತಿಯ ಬರಹ ಉಳಿಯಿತೆಂದು ಅವನಿಗೆ ಆಗಲೇ ಖುಷಿಯಾಗಿತ್ತು. ಆದರೂ ಆ ಪಾರುಪತ್ಯಗಾರ ಎಂಥ ಪೆದ್ದ ಎಂದ.

ಅವನ ನಗು ಮುಗಿಯುವವರೆಗೆ ಕಾದು ಗುರುಗಳು ಕೇಳಿದರು:

"ಇವತ್ತು ನೀನು ಎಷ್ಟು ಸಲ ಗುಡಿಸಿದೆ?"